ಸಾಕಿದ ಕಪ್ಪೆಗೆ, ಆಕ್ಸೊಲೋಟ್ಲ್‌ಗೆ ಬೂಷ್ಟು ಹಿಡಿದರೆ: ಶಿರಸಿ, ಕಾರವಾರದ ಹವೆಗೆ ತಕ್ಕ ಸಮಗ್ರ ಮಾರ್ಗದರ್ಶಿ

ಕಳೆದ ಏಪ್ರಿಲ್‌ನಲ್ಲಿ ಕಾರವಾರದಿಂದ ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಬಿಳಿ ಆಕ್ಸೊಲೋಟ್ಲ್, ಅಂದರೆ ಕಪ್ಪೆಯ ಬಳಗದ್ದೇ ಆದ, ಬಾಲವಿರುವ, ಸದಾ ನೀರಿನಲ್ಲೇ ಇರುವ ಮೆಕ್ಸಿಕೊದ ಪ್ರಾಣಿ. ಎಡಗಡೆ ಕಿವಿರಿನ ತುದಿಗೆ ಹತ್ತಿ ಉಂಡೆಯಂಥದ್ದೇನೋ ಅಂಟಿಕೊಂಡಿದೆ. "ಮಾವ, ಊಟ ಬಿಟ್ಟು ಎರಡು ದಿನ ಆಯ್ತು. ಅಂಗಡಿಯವರು ಈ ನೀಲಿ ಔಷಧಿ ಟ್ಯಾಂಕಿಗೆ ಹಾಕು ಅಂದ್ರು. ಹಾಕಲಾ?"

ಔಷಧಿ ಯಾವುದು ಅಂತ ನಾನು ಕೇಳಲಿಲ್ಲ. "ಮೊದಲು ನೀರಿಗೆ ಥರ್ಮಾಮೀಟರ್ ಇಡು, ಎಷ್ಟಿದೆ ಹೇಳು" ಅಂದೆ. 29 ಡಿಗ್ರಿ. ಆಕ್ಸೊಲೋಟ್ಲ್‌ಗೆ ಬೇಕಾದದ್ದು 16ರಿಂದ 18 ಡಿಗ್ರಿ. ಅರ್ಧ ಕಾಯಿಲೆ ಅಲ್ಲೇ ಗೊತ್ತಾಯಿತು.

ನಾನು ಪಶುವೈದ್ಯನಲ್ಲ, ಅಡಿಕೆ ಬೆಳೆಯುವವನು. ಶಿರಸಿ ಹತ್ತಿರದ ಹಳ್ಳಿಮನೆ, ಜಗಲಿ ಮೂಲೆಯಲ್ಲಿ ಎರಡು ಟ್ಯಾಂಕ್. ಶುರುವಿನಲ್ಲಿ ಒಂದು ಆಕ್ಸೊಲೋಟ್ಲನ್ನು ನಾನೇ ಔಷಧಿ ಹಾಕಿ ಕೊಂದಿದ್ದೇನೆ. ಬೂಷ್ಟಿಗಿಂತ ಬೇಗ ಔಷಧಿಯೇ ಅದರ ಜೀವ ತೆಗೆಯಿತು. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಔಷಧಿಯ ವಿಷಯ ಕಮ್ಮಿ, ನೀರಿನ ವಿಷಯ ಜಾಸ್ತಿ. ಟ್ಯಾಂಕಿಗೆ ಬರುವ ನೀರು, ಟ್ಯಾಂಕಿನಲ್ಲಿ ನಿಂತ ನೀರು, ಟ್ಯಾಂಕಿನಿಂದ ಚೆಲ್ಲುವ ನೀರು. ನನ್ನ ಲೆಕ್ಕದಲ್ಲಿ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಅಂಗಡಿಯಲ್ಲಿ ಅದರ ಬಗ್ಗೆ ಯಾರೂ ಹೇಳುವುದಿಲ್ಲ.

ಮೊದಲು, ಯಾವ ಬೂಷ್ಟು ಅಂತ ತಿಳಿದುಕೊಳ್ಳಿ

ಫಂಗಸ್ ಅಂತ ಒಂದೇ ಹೆಸರಿನಲ್ಲಿ ಕರೆಯುವ ಕಾಯಿಲೆಗಳು ಮುಖ್ಯವಾಗಿ ಎರಡು. ಎರಡರ ಸ್ವಭಾವವೂ ಬೇರೆ, ಚಿಕಿತ್ಸೆಯೂ ಬೇರೆ.

ಒಂದು, ಕಣ್ಣಿಗೆ ಕಾಣುವಂಥದ್ದು. ಹತ್ತಿಯ ಹಾಗೆ ಬಿಳಿ ಅಥವಾ ಬೂದು ಬಣ್ಣದ ಎಳೆ, ಕೆಲವು ಸಲ ಪಾಚಿ ಸೇರಿ ಸ್ವಲ್ಪ ಹಸಿರು. ಕಿವಿರು, ಬಾಲದ ಅಂಚು, ಗಾಯವಾದ ಜಾಗ, ಮೊಟ್ಟೆಗಳ ಮೇಲೆ ಬರುತ್ತದೆ. ಹೆಸರು ಸ್ಯಾಪ್ರೊಲೆಗ್ನಿಯಾ. ಸರಿಯಾಗಿ ಹೇಳಿದರೆ ಇದು ಶಿಲೀಂಧ್ರವೇ ಅಲ್ಲ, ನೀರುಬೂಷ್ಟು. ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟೊಫ್ಥೊರಾ ಕೂಡ ಇದೇ ಬಳಗದ್ದು. ಎರಡರದ್ದೂ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಕೊಳೆರೋಗ ಕಂಡವರಿಗೆ ಇದರ ಬುದ್ಧಿ ಬೇಗ ಅರ್ಥವಾಗುತ್ತದೆ: ನೀರು ಬೇಕು, ದುರ್ಬಲ ಜಾಗ ಬೇಕು, ಅಷ್ಟು ಸಿಕ್ಕರೆ ಸಾಕು. ಗಟ್ಟಿಮುಟ್ಟಾದ ಚರ್ಮಕ್ಕೆ ಸುಲಭಕ್ಕೆ ಹತ್ತುವುದಿಲ್ಲ. ಹಾಗಾಗಿ ಈ ಹತ್ತಿ ಕಂಡರೆ 'ಬೂಷ್ಟು ಎಲ್ಲಿಂದ ಬಂತು' ಅನ್ನೋದು ಸರಿಯಾದ ಪ್ರಶ್ನೆಯಲ್ಲ, ಅದು ನೀರಿನಲ್ಲಿ ಇದ್ದೇ ಇರುತ್ತದೆ. 'ಪ್ರಾಣಿ ಯಾಕೆ ಸೋತಿತು' ಅಂತ ಕೇಳಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಟ್ಯಾಂಕ್ ನೋಡಿದ ಪಕ್ಕದ ಮನೆಯ ಹಿರಿಯರೊಬ್ಬರು, "ತಮಾ, ಒಂದು ಚಿಟಿಕೆ ಮೈಲುತುತ್ತ ಹಾಕು, ಹೋಗ್ತು" ಅಂದಿದ್ದರು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು. ಕೊಳೆರೋಗದ ಔಷಧಿಯ ತರ್ಕ ಅದು, ಅವರ ತಪ್ಪಲ್ಲ. ಆದರೆ ಕಪ್ಪೆ ಜಾತಿಯ ಚರ್ಮ ಅಡಿಕೆ ಗೊನೆಯಂತಲ್ಲ. ನೀರಿನಲ್ಲಿ ಇರೋದನ್ನೆಲ್ಲ ಅದು ಒಳಗೆ ಎಳೆದುಕೊಳ್ಳುತ್ತದೆ. ತಾಮ್ರ ಅದಕ್ಕೆ ವಿಷ. ಮೀನಿನ ಔಷಧಿಗಳಲ್ಲಿ ತಾಮ್ರ, ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಇದ್ದರೆ ಬಾಟಲಿ ಮುಚ್ಚಳ ಕೂಡ ತೆಗೆಯಬೇಡಿ. ಅಡಿಕೆಗೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ತಯಾರಿಸಿದ ಬಕೆಟ್, ಡ್ರಮ್ಮು ಇವನ್ನು ಎಷ್ಟೇ ತೊಳೆದರೂ ಟ್ಯಾಂಕ್ ಕೆಲಸಕ್ಕೆ ತರಬೇಡಿ.

ಎರಡನೆಯದು ಕಣ್ಣಿಗೆ ಕಾಣದ್ದು. ಕಿಟ್ರಿಡ್. ಪೂರ್ತಿ ಹೆಸರು ಬ್ಯಾಟ್ರಕೊಕಿಟ್ರಿಯಮ್ ಡೆಂಡ್ರೊಬೇಟಿಡಿಸ್. ವಿಜ್ಞಾನಿಗಳು ಚುಟುಕಾಗಿ 'ಬಿಡಿ' ಅಂತಾರೆ. ಕನ್ನಡದಲ್ಲಿ ಹಾಗೆ ಬರೆದರೆ ಬಿಟ್ಟುಬಿಡಿ ಅಂದಹಾಗೆ ಕೇಳಿಸುತ್ತದೆ, ಆದ್ದರಿಂದ ಕಿಟ್ರಿಡ್ ಅಂತಲೇ ಕರೆಯುತ್ತೇನೆ. ಇದು ನಿಜವಾದ ಶಿಲೀಂಧ್ರ. 1998ರಲ್ಲಿ ಕಪ್ಪೆಗಳ ಸಾವಿಗೆ ಇದೇ ಕಾರಣ ಅಂತ ತಿಳಿಯಿತು, 1999ರಲ್ಲಿ ಇದಕ್ಕೆ ಹೆಸರು ಇಟ್ಟರು. ಆ ಹೆಸರು ಬಂದದ್ದು ವಾಷಿಂಗ್ಟನ್ ಮೃಗಾಲಯದಲ್ಲಿ ಸಾಕಿದ್ದ ಒಂದು ನೀಲಿ ವಿಷಕಪ್ಪೆಯಿಂದ. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ರೋಗದಿಂದ ಜಗತ್ತಿನಲ್ಲಿ ಕನಿಷ್ಠ 501 ಜಾತಿಗಳ ಸಂಖ್ಯೆ ಕುಸಿದಿದೆ. ಅವುಗಳಲ್ಲಿ 90 ಜಾತಿಗಳು ಪೂರ್ತಿ ಅಳಿದಿರಬಹುದು.

ಕಿಟ್ರಿಡ್ ಕೂರುವುದು ಚರ್ಮದ ಮೇಲ್ಪದರದ ಕೆರಾಟಿನ್‌ನಲ್ಲಿ, ನಮ್ಮ ಉಗುರಿನಲ್ಲೂ ಇರುವ ಗಟ್ಟಿ ಪ್ರೋಟೀನಿನಲ್ಲಿ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಚರ್ಮದಿಂದಲೇ ಮೈಯ ಲವಣ ಹಿಡಿದಿಟ್ಟುಕೊಳ್ಳುತ್ತದೆ. ಆ ಚರ್ಮ ಕೆಟ್ಟರೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಶಿಯಂ ಇಳಿದು ಕೊನೆಗೆ ಹೃದಯ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಹತ್ತಿಯೂ ಇಲ್ಲ, ಗಾಯವೂ ಇಲ್ಲ. ಗೊದಮೊಟ್ಟೆಗಳಲ್ಲಿ ಬಾಯಿಯ ಸುತ್ತ ಮಾತ್ರ ಕೆರಾಟಿನ್ ಇರುವುದರಿಂದ ಅವು ರೋಗ ಹೊತ್ತುಕೊಂಡೇ ಬೆಳೆಯುತ್ತವೆ, ಬಾಲ ಕಳೆದು ಮರಿಕಪ್ಪೆಯಾದಾಗ ಸಾಲಾಗಿ ಸಾಯುತ್ತವೆ.

ಅನುಮಾನ ಪಡಬೇಕಾದ ಲಕ್ಷಣಗಳು ಇವು. ಪದೇಪದೇ ಪೊರೆ ಬಿಡುವುದು, ಚರ್ಮದ ಚೂರು ಮೈಗೆ ಅಂಟಿಕೊಂಡಿರುವುದು. ಹಗಲಲ್ಲಿ ಅಡಗುವ ಕಪ್ಪೆ ಬಯಲಲ್ಲಿ ಕೂರುವುದು. ನೀರಿನ ಬಟ್ಟಲು ಬಿಟ್ಟು ಏಳದಿರುವುದು. ಹಿಂಗಾಲನ್ನು ಮೈಗೆ ಮಡಚಿಕೊಳ್ಳದೆ ಚೆಲ್ಲಿ ಕೂರುವುದು. ಹೊಟ್ಟೆ, ತೊಡೆಯ ಒಳಭಾಗ ಕೆಂಪಾಗುವುದು. ಅಂಗಾತ ಮಲಗಿಸಿದರೆ ತಕ್ಷಣ ಮಗುಚಿಕೊಳ್ಳದಿರುವುದು. ಈ ಕೊನೆಯದು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಇನ್ನು ಫಂಗಸ್ಸೇ ಅಲ್ಲದವು. ಪ್ರಾಣಿಯ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಏರಿದರೆ ಚರ್ಮ ಸುಟ್ಟಂತಾಗಿ ಲೋಳೆ ಬಿಡುತ್ತದೆ, ನಲ್ಲಿ ನೀರಿನ ಕ್ಲೋರಿನ್‌ನಿಂದಲೂ ಹಾಗೇ ಆಗುತ್ತದೆ. ಕೆಂಪು ಕಾಲು ಬ್ಯಾಕ್ಟೀರಿಯಾದಿಂದಲೂ ಬರುತ್ತದೆ. ಕಪ್ಪು ಗಂಟುಗಳು ಎದ್ದರೆ ಅದು ಬೇರೆಯೇ ಜಾತಿಯ ಒಳಶಿಲೀಂಧ್ರ ಇರಬಹುದು, ಅದಕ್ಕೆ ಮನೆಮದ್ದಿಲ್ಲ.

ಮೊದಲ ಒಂದು ಗಂಟೆಯ ಕೆಲಸ

ಪ್ರಾಣಿಯನ್ನು ಬೇರೆ ಮಾಡಿ. ಆಕ್ಸೊಲೋಟ್ಲ್ ಆದರೆ ಐದಾರು ಲೀಟರಿನ ಹೊಸ ಪ್ಲಾಸ್ಟಿಕ್ ಡಬ್ಬ, ಮುಚ್ಚಳಕ್ಕೆ ತೂತು. ಕಪ್ಪೆಯಾದರೆ ಚಿಕ್ಕ ಡಬ್ಬ, ತಳಕ್ಕೆ ಒದ್ದೆ ಮಾಡಿದ ಬಿಳಿ ಟಿಶ್ಯೂ, ಅಡಗಲು ಒಂದು ಮೊಸರಿನ ಪ್ಲಾಸ್ಟಿಕ್ ಕಪ್. ಮಣ್ಣು, ತೆಂಗಿನ ನಾರು, ಪಾಚಿ ಬೇಡ. ಬಿಳಿ ಟಿಶ್ಯೂ ಮೇಲೆ ಉದುರಿದ ಚರ್ಮವೂ ಕಾಣುತ್ತದೆ, ರಕ್ತವೂ ಕಾಣುತ್ತದೆ.

ಮುಟ್ಟುವಾಗ ಪೌಡರ್ ಇಲ್ಲದ ಗ್ಲೌಸ್ ಹಾಕಿ, ಕ್ಲೋರಿನ್ ಇಲ್ಲದ ನೀರಿನಲ್ಲಿ ಅದನ್ನು ಒದ್ದೆ ಮಾಡಿಕೊಳ್ಳಿ. ಒಂದು ಪ್ರಾಣಿಗೆ ಒಂದು ಜೊತೆ. ನಮ್ಮ ಕೈಯ ಉಪ್ಪು, ಸೋಪು, ಸೊಳ್ಳೆ ಮುಲಾಮು ಎಲ್ಲವೂ ಅವಕ್ಕೆ ಆಗಿಬರುವುದಿಲ್ಲ. ನಮಗೂ ಒಳ್ಳೆಯದು, ಏಕೆಂದರೆ ಇವುಗಳ ಮೈಮೇಲೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಗಿದ ಮೇಲೆ ಕೈ ತೊಳೆಯಿರಿ. ಅಡುಗೆಮನೆ ಸಿಂಕಿನಲ್ಲಲ್ಲ.

ಆಮೇಲೆ ಅಳತೆ. ತಾಪಮಾನ, ಅಮೋನಿಯ, ನೈಟ್ರೈಟ್, ಪಿಎಚ್. ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ ಇರಬೇಕು, 'ಸ್ವಲ್ಪ' ಅನ್ನೋದಿಲ್ಲ. ನಮ್ಮ ಕೆಂಪುಕಲ್ಲಿನ ಸೀಮೆಯ ಬಾವಿ ನೀರು ಮೃದು, ಸಾಮಾನ್ಯವಾಗಿ ಸ್ವಲ್ಪ ಹುಳಿ. ಆಕ್ಸೊಲೋಟ್ಲ್‌ಗೆ ಸ್ವಲ್ಪ ಗಡಸು ನೀರು, ಏಳರ ಮೇಲಿನ ಪಿಎಚ್ ಹಿತ. ಸಮುದ್ರದ ಬದಿಯ ಕೆಲವು ಬಾವಿಗಳು ಬೇಸಗೆಯಲ್ಲಿ ಉಪ್ಪಾಗುತ್ತವೆ, ಅದನ್ನೂ ನೆನಪಿಡಿ. ಅಳತೆಯನ್ನು ತಾರೀಖಿನ ಜೊತೆ ಕ್ಯಾಲೆಂಡರಿನಲ್ಲೇ ಬರೆದಿಡಿ. ಫೋಟೊ ತೆಗೆಯಿರಿ, ಮೊಬೈಲ್ ಟಾರ್ಚನ್ನು ಬದಿಯಿಂದ ಹಿಡಿದು. ಮೇಲಿಂದ ಬೆಳಕು ಬಿಟ್ಟರೆ ಹತ್ತಿ ಎಳೆ ಕಾಣುವುದಿಲ್ಲ.

ಹತ್ತಿಬೂಷ್ಟಿಗೆ: ತಣ್ಣನೆ ನೀರು, ಉಪ್ಪುಸ್ನಾನ

ಅಕ್ಕನ ಮಗನಿಗೆ ಹೇಳಿದ ಕ್ರಮವನ್ನೇ ಇಲ್ಲಿ ಕೊಡುತ್ತೇನೆ.

ಮೊದಲು ತಂಪು. ಡಬ್ಬದ ನೀರನ್ನು 29ರಿಂದ ಒಂದೇ ಸಲಕ್ಕೆ 18ಕ್ಕೆ ಇಳಿಸಬಾರದು, ಆ ಆಘಾತವೇ ಕೊಲ್ಲುತ್ತದೆ. ಗಂಟೆಗೆ ಒಂದು ಡಿಗ್ರಿ ಸಾಕು. ಅರ್ಧ ಲೀಟರ್ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟು, ಆ ಬಾಟಲಿಯನ್ನು ಡಬ್ಬದಲ್ಲಿ ತೇಲಿಬಿಡುವುದು ಸುಲಭದ ದಾರಿ. ಐಸನ್ನು ನೇರ ನೀರಿಗೆ ಹಾಕಬೇಡಿ, ಅದರಲ್ಲಿ ನಲ್ಲಿಯ ಕ್ಲೋರಿನ್ ಇರುತ್ತದೆ. ನೀರಿನ ಮೇಲೆ ಫ್ಯಾನ್ ಬಿಡುವ ಉಪಾಯ ಶಿರಸಿಯ ಮಾರ್ಚ್‌ಗೆ ನಡೆಯುತ್ತದೆ. ಕಾರವಾರದಲ್ಲಿ ಗಾಳಿಯೇ ಒದ್ದೆ, ನೀರು ಆವಿಯಾಗುವುದೇ ಕಷ್ಟ, ಹಾಗಾಗಿ ಫ್ಯಾನಿನಿಂದ ಹೆಚ್ಚು ಪ್ರಯೋಜನವಿಲ್ಲ. ಎಸಿ ರೂಮು ಅಥವಾ ಟ್ಯಾಂಕಿನ ನೀರು ತಂಪು ಮಾಡುವ ಯಂತ್ರ (ಚಿಲ್ಲರ್) ಬೇಕು.

ಡಬ್ಬದ ನೀರನ್ನು ದಿನಾ ಪೂರ್ತಿ ಬದಲಿಸಿ. ಡಬ್ಬದಲ್ಲಿ ಫಿಲ್ಟರ್ ಇಲ್ಲ, ಅಮೋನಿಯ ಅಲ್ಲೇ ಕೂಡುತ್ತದೆ. ನಾಳೆಗೆ ಬೇಕಾದ ನೀರಿಗೆ ಇವತ್ತೇ ಡಿಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ದ್ರವ) ಹಾಕಿ ಅದೇ ಕೋಣೆಯಲ್ಲಿ ಇಟ್ಟಿರಿ, ತಾಪಮಾನ ಡಬ್ಬದ ನೀರಿನಷ್ಟೇ ಇದೆಯಾ ನೋಡಿ ಹಾಕಿ. ಬಹಳ ಸಲ ಇಷ್ಟರಲ್ಲೇ ಚಿಕ್ಕ ಹತ್ತಿ ಉದುರಿಹೋಗುತ್ತದೆ.

ಎರಡು ದಿನದಲ್ಲಿ ಕಮ್ಮಿಯಾಗದಿದ್ದರೆ ಉಪ್ಪುಸ್ನಾನ. ಅಯೋಡಿನ್ ಸೇರಿಸದ ಉಪ್ಪು ಬೇಕು. ಅಪ್ಪೆಮಿಡಿ ಉಪ್ಪಿನಕಾಯಿಗೆ ಅಂತ ಮನೆಯಲ್ಲಿ ಸಾಣಿಕಟ್ಟಾದ ಕಲ್ಲುಪ್ಪು ಇದ್ದರೆ ಅದು ಆಗುತ್ತದೆ, ಆದರೆ ಚೀಲದ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿಲ್ಲ ತಾನೇ ನೋಡಿಕೊಳ್ಳಿ. ಅದರಲ್ಲಿ ಉಪ್ಪಿನ ಗದ್ದೆಯ ಮಣ್ಣಿನ ಅಂಶ ಇರುತ್ತದೆ, ಕರಗಿಸಿ ತೆಳು ಬಟ್ಟೆಯಲ್ಲಿ ಸೋಸಿ. ಲೀಟರಿಗೆ 10 ಗ್ರಾಂ. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯಬೇಡಿ, ಹರಳು ದೊಡ್ಡದಿದ್ದರೆ ಅಳತೆ ತಪ್ಪುತ್ತದೆ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಉಪ್ಪುನೀರಿನ ತಾಪಮಾನ ಡಬ್ಬದ ನೀರಿನಷ್ಟೇ ಇರಲಿ.

ಪ್ರಾಣಿಯನ್ನು ಅದರಲ್ಲಿ 10 ನಿಮಿಷ ಬಿಡಿ. ಮೊಬೈಲಿನಲ್ಲಿ ಟೈಮರ್ ಇಟ್ಟು ಪಕ್ಕದಲ್ಲೇ ಕೂರಿ. ಮೊದಲ ಎರಡು ನಿಮಿಷ ಸುಮ್ನೆ ಇರುತ್ತದೆ. ಆಮೇಲೆ ಕಿವಿರನ್ನು ಹಿಂದಕ್ಕೆ ಕೊಡವುತ್ತದೆ, ಒಂದು ಸಲ, ಎರಡು ಸಲ. ಹತ್ತಿಯ ಎಳೆ ಅರ್ಧ ಬಿಚ್ಚಿ ನೀರಿನಲ್ಲಿ ಅಲ್ಲಾಡುವುದು ಕಾಣುತ್ತದೆ. ಅದನ್ನು ಚಿಮುಟದಿಂದ ಎಳೆಯುವ ಆಸೆ ಆಗುತ್ತದೆ, ನನಗೂ ಆಗಿತ್ತು. ಎಳೆಯಬೇಡಿ, ಕಿವಿರಿನ ಎಳೆಯೇ ಕಿತ್ತು ಬರುತ್ತದೆ. ಬಾಲ ಬಡಿದು ಹುಚ್ಚುಹುಚ್ಚಾಗಿ ಓಡಾಡಿದರೆ ಹತ್ತು ನಿಮಿಷಕ್ಕೆ ಕಾಯದೆ ತೆಗೆದುಬಿಡಿ. ಹದಿನೈದು ನಿಮಿಷ ಅಂತೂ ಯಾವ ಕಾರಣಕ್ಕೂ ದಾಟಬಾರದು, ಚರ್ಮ ಮತ್ತು ಕಿವಿರು ಸುಡುತ್ತವೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ. ಮೂರ್ನಾಲ್ಕು ದಿನದ ನಂತರವೂ ಹತ್ತಿ ಹಾಗೇ ಇದ್ದರೆ ಉಪ್ಪು ನಿಲ್ಲಿಸಿ ಡಾಕ್ಟರನ್ನು ಕೇಳಿ.

ಈ ಅಳತೆ ಆಕ್ಸೊಲೋಟ್ಲ್‌ಗೆ ಮಾತ್ರ. ಕಪ್ಪೆಗೆ ಇದನ್ನೇ ಮಾಡಲು ಹೋಗಬೇಡಿ.

ಅಂಗಡಿಯವರ ನೀಲಿ ಔಷಧಿ ಅಂದರೆ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. ಅದನ್ನು ವಿಷ ಅಂತ ನಾನು ಹೇಳುವುದಿಲ್ಲ, ಮೊಟ್ಟೆಗಳಿಗೆ ಬೂಷ್ಟು ಹಿಡಿಯದ ಹಾಗೆ ಬಳಸುವುದುಂಟು. ಆದರೆ ಅದನ್ನು ಮುಖ್ಯ ಟ್ಯಾಂಕಿಗೆ ಸುರಿದರೆ ಫಿಲ್ಟರಿನಲ್ಲಿ ಅಮೋನಿಯ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಬೂಷ್ಟು ಹೋಗಿ ಅಮೋನಿಯ ಬರುತ್ತದೆ. ನಾನು ಮೊದಲ ಪ್ರಾಣಿಯನ್ನು ಕಳೆದುಕೊಂಡದ್ದು ಹೀಗೆ.

ಕಿಟ್ರಿಡ್ ಅನುಮಾನ ಬಂದರೆ

ಇಲ್ಲಿ ಮನೆಯಲ್ಲೇ ನಿರ್ಧರಿಸುವ ವಿಷಯ ಮುಗಿಯಿತು. ಖಚಿತಪಡಿಸಲು ಚರ್ಮದ ಸ್ವಾಬ್ ತೆಗೆದು ಪಿಸಿಆರ್ ಪರೀಕ್ಷೆ ಮಾಡಬೇಕು. ನಮ್ಮ ತಾಲೂಕಿನ ಪಶು ಆಸ್ಪತ್ರೆಗಳ ದಿನನಿತ್ಯದ ಕೆಲಸ ದನ, ಎಮ್ಮೆ, ನಾಯಿ. ಕಪ್ಪೆ ಹಿಡಿದುಕೊಂಡು ಹೋದರೆ ಮೊದಲು ನಗು ಬರಬಹುದು, ಸಂಕೋಚ ಪಡಬೇಡಿ. ಅಲ್ಲಿಂದಲೇ ವಿದೇಶಿ ಪ್ರಾಣಿಗಳನ್ನು ನೋಡುವ ಬೆಂಗಳೂರಿನ ವೈದ್ಯರನ್ನು ಫೋನಿನಲ್ಲಿ ಸಂಪರ್ಕಿಸಿ, ಇಬ್ಬರೂ ಸೇರಿ ನೋಡಿದರೆ ಕೆಲಸ ಆಗುತ್ತದೆ.

ಸ್ವಾಬ್ ತೆಗೆಯುವ ಕ್ರಮ ಗೊತ್ತಿರಲಿ. ಸ್ಟೆರೈಲ್ ಸ್ವಾಬನ್ನು ಹೊಟ್ಟೆಯ ಮೇಲೆ, ಎರಡೂ ತೊಡೆಯ ಒಳಬದಿಗೆ, ಹಿಂಗಾಲಿನ ಬೆರಳ ನಡುವಿನ ಪೊರೆಗೆ ಐದೈದು ಸಲ ಹಗುರಾಗಿ ಉಜ್ಜಬೇಕು. ಪ್ರತಿ ಪ್ರಾಣಿಗೆ ಹೊಸ ಗ್ಲೌಸ್, ಹೊಸ ಸ್ವಾಬ್. ಟ್ಯೂಬಿನಲ್ಲಿ ಹಾಕಿ ತಂಪಾಗಿಡಿ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು ನಮ್ಮ ದೇಶದ ಕಿಟ್ರಿಡ್ ತಳಿಗಳನ್ನೂ ಹಿಡಿಯಬಲ್ಲ ಪಿಸಿಆರ್ ವಿಧಾನ ರೂಪಿಸಿದ್ದಾರೆ. ಯಾವ ಲ್ಯಾಬಿಗೆ ಕಳಿಸಬೇಕು ಅನ್ನೋದನ್ನು ವೈದ್ಯರೇ ವಿಚಾರಿಸಲಿ.

ಚಿಕಿತ್ಸೆಗೆ ಹೆಚ್ಚು ಬಳಕೆಯಲ್ಲಿರುವುದು ಇಟ್ರಕೊನಜೋಲ್ ಅನ್ನುವ ಶಿಲೀಂಧ್ರ ಕೊಲ್ಲುವ ಔಷಧಿಯ ಸ್ನಾನ. ಹಳೆಯ ಕ್ರಮದಲ್ಲಿ 0.01 ಶೇಕಡಾ ದ್ರಾವಣದಲ್ಲಿ ದಿನಕ್ಕೆ 5 ನಿಮಿಷ, 11 ದಿನ. ಆದರೆ ಔಷಧಿಯೇ ಕೆಲವು ಕಪ್ಪೆಗಳಿಗೆ ಆಗಿಬರಲಿಲ್ಲ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರ ಕಾಲು ಭಾಗ, ಅಂದರೆ 0.0025 ಶೇಕಡಾ, ದಿನಕ್ಕೆ 5 ನಿಮಿಷದಂತೆ 6 ದಿನ ಕೊಟ್ಟರೂ ರೋಗ ಹೋಯಿತು. ಈ ಅಂಕಿ ಕೊಟ್ಟದ್ದು ನೀವೇ ಮಾಡಿಕೊಳ್ಳಲಿ ಅಂತಲ್ಲ, ವೈದ್ಯರ ಜೊತೆ ಮಾತಾಡಲು ಒಂದು ಆಧಾರ ಇರಲಿ ಅಂತ. ಮೆಡಿಕಲ್ ಶಾಪಿನ ಇಟ್ರಕೊನಜೋಲ್ ಕ್ಯಾಪ್ಸೂಲ್ ಒಡೆದು ನೀರಿಗೆ ಹಾಕುವ ಸಾಹಸ ಬೇಡ. ಒಳಗಿನ ಕಾಳುಗಳು ನೀರಿನಲ್ಲಿ ಕರಗುವುದಿಲ್ಲ, ಒಂದು ಕಡೆ ಔಷಧಿ ಸೊನ್ನೆ, ಇನ್ನೊಂದು ಕಡೆ ಜಾಸ್ತಿ ಆಗುತ್ತದೆ. ಗೊದಮೊಟ್ಟೆಗಳಿಗೆ ಈ ಔಷಧಿ ಅಪಾಯ.

ಸ್ನಾನದ ಕೆಲಸ 5 ನಿಮಿಷದ್ದು. ಮನೆಯವರು ಸೋಲುವುದು ಆಮೇಲಿನ ಕೆಲಸದಲ್ಲಿ. ಸ್ನಾನ ಮುಗಿದ ಕಪ್ಪೆಯನ್ನು ಮತ್ತೆ ಅದೇ ಡಬ್ಬಕ್ಕೆ ಬಿಟ್ಟರೆ ಅದೇ ರೋಗ ಮತ್ತೆ ಹತ್ತುತ್ತದೆ. ಎರಡು ಡಬ್ಬ ಇಟ್ಟುಕೊಳ್ಳಿ. ಒಂದರಲ್ಲಿ ಕಪ್ಪೆ, ಇನ್ನೊಂದು ತೊಳೆದು ಸೋಂಕು ತೆಗೆದು ಒಣಗುತ್ತಿರಬೇಕು. ದಿನಾ ಅದಲುಬದಲು. ಚಿಕಿತ್ಸೆ ಮುಗಿದು ಎರಡು ಮೂರು ವಾರದ ನಂತರ ಮತ್ತೆ ಸ್ವಾಬ್. ಒಂದು ಸಲ ನೆಗೆಟಿವ್ ಬಂದರೆ ನಂಬಬೇಡಿ, ಇನ್ನೊಮ್ಮೆ ಮಾಡಿಸಿ.

ಬಿಸಿಯ ಚಿಕಿತ್ಸೆಯೂ ಇದೆ. ಕಿಟ್ರಿಡ್ ಚೆನ್ನಾಗಿ ಬೆಳೆಯುವುದು 17ರಿಂದ 25 ಡಿಗ್ರಿಯಲ್ಲಿ, 30ರ ಹತ್ತಿರ ಅದಕ್ಕೆ ಉಸಿರು ಕಟ್ಟುತ್ತದೆ. ಅಮೆರಿಕದ ಪ್ರಯೋಗವೊಂದರಲ್ಲಿ ಕಪ್ಪೆಗಳನ್ನು 30 ಡಿಗ್ರಿಯಲ್ಲಿ 10 ದಿನ ಇಟ್ಟಾಗ ಬಹುತೇಕ ಎಲ್ಲವೂ ಗುಣವಾದವು. ಈಗ ನಮ್ಮ ಜಿಲ್ಲೆಯ ನಕ್ಷೆ ನೋಡಿ. ಕಾರವಾರದ ಏಪ್ರಿಲ್ ಸೆಖೆ ಕಿಟ್ರಿಡ್‌ಗೆ ಹಿಡಿಸುವುದಿಲ್ಲ. ಶಿರಸಿಯ ಮಳೆಗಾಲ, ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದ ಹವೆ. ಘಟ್ಟದ ಕೆಳಗೆ ಲಕ್ಷಣವೇ ಇಲ್ಲದ ಕಪ್ಪೆ ಘಟ್ಟ ಹತ್ತಿ ಬಂದು ಡಿಸೆಂಬರಿನಲ್ಲಿ ಕಾಯಿಲೆ ಬೀಳಬಹುದು. ಪ್ಯಾಕ್‌ಮ್ಯಾನ್ ಅಂತ ಮಾರುವ ದಕ್ಷಿಣ ಅಮೆರಿಕದ ದೊಡ್ಡ ಬಾಯಿಯ ಕಪ್ಪೆಯಂಥ ಬಿಸಿನಾಡಿನ ಕಪ್ಪೆಗೆ ವೈದ್ಯರು ಒಪ್ಪಿದರೆ ಈ ದಾರಿ ಇದೆ. ಆಕ್ಸೊಲೋಟ್ಲ್‌ಗೆ, ಅದರ ಬಳಗದ್ದೇ ಆದ ತಂಪುನಾಡಿನ ನ್ಯೂಟ್‌ಗೆ 30 ಡಿಗ್ರಿ ಅಂದರೆ ಸಾವೇ.

ಚೆಲ್ಲುವ ನೀರು

ನಮ್ಮ ಕಡೆ ಬಚ್ಚಲ ನೀರು ತೋಟಕ್ಕೆ ಹೋಗುತ್ತದೆ ಅಲ್ವಾ? ಬಾಳೆ ಬುಡಕ್ಕೆ, ಅಲ್ಲಿಂದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ. ಟ್ಯಾಂಕಿನ ನೀರು ಒಳ್ಳೆ ಗೊಬ್ಬರ ಅಂತ ನಾನೂ ಎರಡು ವರ್ಷ ಅಡಿಕೆ ಬುಡಕ್ಕೆ ಹಾಕಿದ್ದೆ. ಆ ಹಳ್ಳ ಮಳೆಗಾಲದ ರಾತ್ರಿ ಕಪ್ಪೆಗಳ ಕೂಗಿನಿಂದ ತುಂಬಿರುತ್ತದೆ ಅನ್ನೋದು ತಲೆಗೇ ಬಂದಿರಲಿಲ್ಲ.

ಕಿಟ್ರಿಡ್ ಕೆರೆಯ ನೀರಿನಲ್ಲಿ ಏಳು ವಾರದವರೆಗೆ, ಒದ್ದೆ ಮರಳಿನಲ್ಲಿ ಮೂರು ತಿಂಗಳವರೆಗೆ ಬದುಕಿದ್ದು ಲ್ಯಾಬಿನ ಪ್ರಯೋಗಗಳಲ್ಲಿ ಕಂಡಿದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಕಿಟ್ರಿಡ್ ಇರುವುದು 2011ರಲ್ಲೇ ವರದಿಯಾಯಿತು. ನಮ್ಮ ಪುಣ್ಯ, ಆಸ್ಟ್ರೇಲಿಯಾ, ಮಧ್ಯ ಅಮೆರಿಕದಲ್ಲಿ ಆದಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಇಲ್ಲಿ ಮೊದಲೇ ಇದೆಯಲ್ಲ, ಇನ್ನೇನು ಹೆದರಿಕೆ ಅಂತ ಕೆಲವರು ಕೇಳುತ್ತಾರೆ. ಎಲ್ಲ ಕಿಟ್ರಿಡ್ ಒಂದೇ ಅಲ್ಲ. ಏಷ್ಯಾದ ತಳಿಗಳು ಬೇರೆ, ಸಾಕುಪ್ರಾಣಿ ವ್ಯಾಪಾರದ ಜೊತೆ ಜಗತ್ತು ಸುತ್ತಿದ ಉಗ್ರ ತಳಿ ಬೇರೆ. ಅಕ್ವೇರಿಯಂ ಅಂಗಡಿಯಲ್ಲಿ 'ಆಲ್ಬಿನೊ ಕಪ್ಪೆ' ಅಂತ ಮಾರುವ ಆಫ್ರಿಕಾದ ಉಗುರುಕಪ್ಪೆ ಈ ರೋಗವನ್ನು ಹೊತ್ತುಕೊಂಡೂ ಆರಾಮಾಗಿ ಇರಬಲ್ಲದು. ಅದರ ನೀರು ನಿಮ್ಮ ಹಳ್ಳಕ್ಕೆ ಹೋದರೆ?

ಆ ಹಳ್ಳದಲ್ಲಿ ಯಾರಿದ್ದಾರೆ ಗೊತ್ತಾ? ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ ಸಿಕ್ಕಿ 2014ರಲ್ಲಿ ಹೆಸರು ಪಡೆದ ಕುಂಬಾರ ಕಪ್ಪೆ ನಮ್ಮ ಜಿಲ್ಲೆಯದ್ದು. ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಹಳ್ಳದ ತಳದಿಂದ ಮುಂಗೈಯಲ್ಲಿ ಮಣ್ಣು ತಂದು, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೇ ಆ ಹೆಸರು. ಹಳ್ಳದ ಒದ್ದೆ ಮಣ್ಣನ್ನು ಕೈಯಾರೆ ಮುಟ್ಟಿ ಬದುಕುವ ಪ್ರಾಣಿ ಅದು.

ಹಾಗಾಗಿ ನನ್ನ ಮನೆಯಲ್ಲಿ ಈಗ ಹೀಗೆ ನಡೆಯುತ್ತದೆ. ಕಾಯಿಲೆ ಡಬ್ಬದ ನೀರು ಎರಡು ಮೂರು ಲೀಟರ್ ಅಷ್ಟೇ ಇರುತ್ತದೆ. ಅದನ್ನು ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಚ್ಚಲ ಒಲೆಯ ಮೇಲಿಟ್ಟು ಕುದಿಸುತ್ತೇನೆ. ಕಿಟ್ರಿಡ್‌ಗೆ 60 ಡಿಗ್ರಿಯ 5 ನಿಮಿಷವೇ ಸಾಕು, ಕುದಿ ಬಂದರೆ ಚಿಂತೆಯೇ ಇಲ್ಲ. ಆರಿದ ಮೇಲೆ ಎಲ್ಲಿ ಬೇಕಾದರೂ ಚೆಲ್ಲಬಹುದು. ದೊಡ್ಡ ಟ್ಯಾಂಕಿನ ನೀರನ್ನು ಕುದಿಸುವುದು ಆಗದ ಮಾತು, ಅದು ಪಾಯಿಖಾನೆಗೆ ಹೋಗುತ್ತದೆ, ತೋಟಕ್ಕಲ್ಲ. ಕಾರವಾರದ ಫ್ಲಾಟಿನಲ್ಲೂ ಅಷ್ಟೇ, ಕಮೋಡಿಗೆ ಸುರಿಯಿರಿ, ಬಾಲ್ಕನಿಯಿಂದ ಮಳೆನೀರಿನ ಗಟಾರಕ್ಕಲ್ಲ. ಟ್ಯಾಂಕಿನ ಗಿಡ, ಕಲ್ಲು, ಮರಳನ್ನೂ ಹಿತ್ತಿಲಿಗೆ ಎಸೆಯಬೇಡಿ.

ಬೇಜಾರಾಗಿ, ಅಥವಾ ಕರುಣೆ ಬಂದು, ಸಾಕಿದ ಕಪ್ಪೆಯನ್ನು ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಬೇರೆ ಸಾಕುವವರನ್ನು ಹುಡುಕಿ.

ಡಬ್ಬ, ಟ್ಯಾಂಕ್ ತೊಳೆಯುವುದು

ಮೊದಲು ಲೋಳೆ, ಕೊಳೆ ಉಜ್ಜಿ ತೆಗೆಯಬೇಕು, ಕೊಳೆಯ ಮೇಲೆ ಬ್ಲೀಚ್ ಹಾಕಿದರೆ ಬ್ಲೀಚ್ ಕೊಳೆಯ ಜೊತೆಗೇ ಮುಗಿಯುತ್ತದೆ. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚಿನಲ್ಲಿ ಸೋಡಿಯಂ ಹೈಪೊಕ್ಲೋರೈಟ್ ಎಷ್ಟು ಅಂತ ಲೇಬಲ್ ನೋಡಿ. 5 ಶೇಕಡಾ ಇದ್ದರೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು ಸೇರಿಸಿ, 1 ಶೇಕಡಾ ಆಗುತ್ತದೆ. ಹತ್ತು ನಿಮಿಷ ನೆನೆಯಲಿ. ಫಿನಾಯಿಲ್, ಆಸಿಡ್ ಜೊತೆ ಬೆರೆಸಬೇಡಿ. ಆಮೇಲೆ ನಾಲ್ಕೈದು ಸಲ ನೀರು, ಕೊನೆಯ ನೀರಿಗೆ ಡಿಕ್ಲೋರಿನೇಟರ್. ಮೂಗಿಗೆ ಹಿಡಿದರೆ ಬ್ಲೀಚ್ ವಾಸನೆ ಬರಬಾರದು.

ಬ್ಲೀಚ್ ಇಷ್ಟ ಇಲ್ಲದವರಿಗೆ ಬಚ್ಚಲ ಹಂಡೆ ಇದೆಯಲ್ಲ. ಬಲೆ, ಚಿಮುಟ, ಸ್ಟೀಲ್ ಬಟ್ಟಲುಗಳನ್ನು ಕುದಿವ ನೀರಿಗೆ ಹಾಕಿದರೆ ಮುಗಿಯಿತು. ಪ್ಲಾಸ್ಟಿಕ್ ಡಬ್ಬ ಸೊಟ್ಟಗಾಗುತ್ತದೆ, ಅದಕ್ಕೆ ಬ್ಲೀಚೇ ಸರಿ. ಪೂರ್ತಿ ಒಣಗಿದರೆ ಕಿಟ್ರಿಡ್ ಕೆಲವು ಗಂಟೆಗಳಲ್ಲೇ ಸಾಯುತ್ತದೆ, ಫೆಬ್ರವರಿಯಲ್ಲಿ ಅಡಿಕೆ ಹರವಿದ ಅಂಗಳದ ಮೂಲೆಯಲ್ಲಿ ಇಟ್ಟರೆ ಸಾಕು. ಜುಲೈನಲ್ಲಿ ಈ ಮಾತು ಮರೆತುಬಿಡಿ. ಆಗ ನಮ್ಮಲ್ಲಿ ಹಾಕಿಕೊಳ್ಳುವ ಬನಿಯನ್ನೇ ಒಣಗುವುದಿಲ್ಲ.

ಹೊಸ ಪ್ರಾಣಿ ತರುವ ಮುಂಚೆ

ಹೊಸತಾಗಿ ಬಂದದ್ದನ್ನು ಕನಿಷ್ಠ 30 ದಿನ ಬೇರೆ ಕೋಣೆಯಲ್ಲಿಡಿ. ನಾನು 60 ದಿನ ಇಡುತ್ತೇನೆ. ಅದಕ್ಕೆ ಬೇರೆ ಬಲೆ, ಬೇರೆ ಬಕೆಟ್. ದಿನಾ ಮೊದಲು ಹಳೆಯ ಪ್ರಾಣಿಗಳ ಕೆಲಸ, ಕೊನೆಗೆ ಹೊಸತು, ಅದರಲ್ಲೂ ಕೊನೆಗೆ ಕಾಯಿಲೆಯದ್ದು. ಟ್ಯಾಂಕನ್ನು ಪ್ರಾಣಿ ಬರುವ ಒಂದೆರಡು ತಿಂಗಳು ಮುಂಚೆಯೇ ಓಡಿಸಿ, ಫಿಲ್ಟರಿನ ಬ್ಯಾಕ್ಟೀರಿಯಾ ನೆಲೆಯಾಗಲಿ.

ಘಟ್ಟದ ಮೇಲಿನವರಿಗೆ ಒಂದು ಮಾತು. ಅಬ್ಬಿ ನೀರು ನಮಗೆ ಅಮೃತ, ಟ್ಯಾಂಕಿಗೆ ಅಲ್ಲ. ಗುಡ್ಡದ ಹಳ್ಳದಿಂದ ಪೈಪಿನಲ್ಲಿ ನೇರ ಬರುವ ನೀರು ಅದು. ನಮ್ಮ ಮನೆ ತೊಟ್ಟಿಗೆ ಆ ಪೈಪಿನಲ್ಲೇ ಗೊದಮೊಟ್ಟೆ ಬಂದು ಬಿದ್ದದ್ದುಂಟು. ಗೊದಮೊಟ್ಟೆ ಬರುವ ದಾರಿಯಲ್ಲಿ ಬೀಜಕಣ ಬರುವುದಿಲ್ಲವೇ? ಕುದಿಸಿ ಆರಿಸಿ, ಇಲ್ಲವಾದರೆ ಒಳ್ಳೆಯ ಕಟ್ಟೆ ಇರುವ, ಹಳ್ಳದ ನೀರು ನುಗ್ಗದ ಬಾವಿಯ ನೀರು ಬಳಸಿ. ಗದ್ದೆಯಿಂದ ಹಿಡಿದ ಗೊದಮೊಟ್ಟೆ, ಚಿಕ್ಕ ಕಪ್ಪೆಗಳನ್ನು ಆಹಾರವಾಗಿ ಕೊಡಬೇಡಿ. ಎರೆಹುಳವನ್ನು ಔಷಧಿ ಹೊಡೆಯದ ಗೊಬ್ಬರಗುಂಡಿಯಿಂದ ತೆಗೆಯಿರಿ, ಕೊಳೆ ಔಷಧಿ ಬಿದ್ದ ತೋಟದಿಂದಲ್ಲ.

ಕಾನೂನಿನ ವಿಷಯ ಚಿಕ್ಕದಾಗಿ. ಗದ್ದೆ, ಕಾಡಿನ ಕಪ್ಪೆ ಹಿಡಿದು ಸಾಕಬೇಡಿ. ಮಳೆ ಬಿದ್ದೊಡನೆ ಗದ್ದೆಯಲ್ಲಿ ಹಳದಿಯಾಗಿ ಕೂಗುವ ದೊಡ್ಡ ಕಪ್ಪೆ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಆಕ್ಸೊಲೋಟ್ಲ್ ಅಳಿವಿನ ಭಯವಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಇಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕೊಳ್ಳುವಾಗಲೇ ಮಾರುವವರ ಬಳಿ ಕಾಗದ ಕೇಳಿ. ಕಾಗದ ಇಲ್ಲ ಅಂದರೆ ವಾಪಸ್ ಬನ್ನಿ.

ಸತ್ತುಹೋದರೆ

ಪರೀಕ್ಷೆ ಮಾಡಿಸುವ ಯೋಚನೆ ಇದ್ದರೆ ದೇಹವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರಿನಲ್ಲಲ್ಲ. ಹೆಪ್ಪುಗಟ್ಟಿದರೆ ಚರ್ಮದ ಕೋಶ ಒಡೆದು ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ. ಮನೆಯವರನ್ನು ಕೇಳದೆ ಫ್ರಿಜ್ಜಿಗೆ ಇಡಬೇಡಿ, ಇದು ಅನುಭವದ ಮಾತು. ಪರೀಕ್ಷೆ ಬೇಡ ಅಂದರೆ ಕಾಗದದಲ್ಲಿ ಸುತ್ತಿ ಬಚ್ಚಲ ಒಲೆಯಲ್ಲಿ ಸುಟ್ಟುಬಿಡಿ. ಹಳ್ಳದ ಬದಿಯಲ್ಲಿ ಹೂಳಬೇಡಿ. ಉಳಿದ ಪ್ರಾಣಿಗಳನ್ನು ಎರಡು ತಿಂಗಳು ಕಾಯಿಲೆಯವು ಅಂತಲೇ ನೋಡಿಕೊಳ್ಳಿ.

ಅಕ್ಕನ ಮಗನ ಆಕ್ಸೊಲೋಟ್ಲ್ ಬದುಕಿತು. ಮೂರನೇ ಉಪ್ಪುಸ್ನಾನಕ್ಕೆ ಹತ್ತಿ ಬಿಟ್ಟಿತು, ಹನ್ನೊಂದನೇ ದಿನ ಅರ್ಧ ಎರೆಹುಳ ತಿಂದಿತು. ಕಿವಿರಿನ ಮೊಂಡಾದ ತುದಿಯಲ್ಲಿ ಕೆಂಪು ಎಳೆ ಮತ್ತೆ ಮೂಡುತ್ತಿದೆ. ಚಿಲ್ಲರ್ ಕೊಳ್ಳಲು ಇನ್ನೂ ದುಡ್ಡು ಕೂಡಿಲ್ಲ. ಸದ್ಯಕ್ಕೆ ಎಸಿ ಇರುವ ಕೋಣೆ ಅದಕ್ಕೆ, ಹಾಲ್‌ನಲ್ಲಿರುವ ಫ್ಯಾನು ಅಕ್ಕನಿಗೆ. "ನಿನ್ನ ಮಾತು ಕೇಳಿದ್ದಕ್ಕೆ ಹೀಗಾಯ್ತು ನೋಡು" ಅಂತ ಅಕ್ಕ ಪ್ರತಿ ಫೋನಿನಲ್ಲೂ ಬೈಯುತ್ತಾಳೆ.